ಕಿಸಿಮಾನಿಯ ಮಜ್ಜಿಗೆಗೆ ದರಪಟ್ಟಿ ಕೇಳಿದವರಿಗೆ

ಹಳೆಯ ರೈಲುದಾರಿಯ ಆಸ್ತಿ ವಿಲೇವಾರಿ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ.

ಮಾನ್ಯರೇ, ಮತ್ತು ತಮ್ಮ ಮೇಜಿನ ಮೇಲೆ ನನ್ನ ಹಿಂದಿನ ಮೂರು ಪತ್ರಗಳನ್ನು ಕಾಪಾಡಿಕೊಂಡಿರುವ ಧೂಳೇ,

ತಮ್ಮ ನೋಟೀಸು ತಲುಪಿದೆ. ಕಿಸಿಮಾನಿ ಎಂಬ ಹಳೆಯ ರೈಲು ನಿಲ್ದಾಣದಲ್ಲಿ, ನೀರಿನ ಟ್ಯಾಂಕಿನ ಬುಡದಲ್ಲಿ, "ದ್ರವಪದಾರ್ಥ ವಿತರಣೆಯ ಅನಧಿಕೃತ ಕಟ್ಟಡ"ವೊಂದು ಕಂಡುಬಂದಿದೆಯೆಂದೂ, ಈ ತಿಂಗಳ ಕೊನೆಗೆ ಅದನ್ನು ಕೆಡವಿ ಟ್ಯಾಂಕಿನ ವಾಲ್ವನ್ನು ಶಾಶ್ವತವಾಗಿ ಮುಚ್ಚಲಾಗುವುದೆಂದೂ ಅದರಲ್ಲಿ ಬರೆದಿದ್ದೀರಿ. ಆ ದ್ರವಪದಾರ್ಥವನ್ನು ನಾವು ಮಜ್ಜಿಗೆ ಎನ್ನುತ್ತೇವೆ. ಆ ಕಟ್ಟಡವನ್ನು, ಅಂದರೆ ನಾಲ್ಕು ಕಂಬಗಳ ಮೇಲೆ ತಗಡು ಹೊದಿಸಿದ ಆ ಚಪ್ಪರವನ್ನು, ಅರವಟ್ಟಿಗೆ ಎನ್ನುತ್ತೇವೆ. ಬಿಸಿಲಲ್ಲಿ ಬಂದವರಿಗೆ ಹೆಸರು ಕುಲ ಕೇಳದೆ, ಕಾಸು ತೆಗೆದುಕೊಳ್ಳದೆ ನೀರು ಮಜ್ಜಿಗೆ ಕೊಡುವ ಜಾಗ ಅದು. ತಮ್ಮ ಕಾನೂನಿನ ಪ್ರಕಾರ ಅದೇ ಮಜ್ಜಿಗೆಗೆ ಒಂದು ಬೆಲೆ ಕಟ್ಟಿ ಮಾರಿದರೆ ಚಪ್ಪರ ಉಳಿಯುತ್ತದೆ, ಪುಕ್ಕಟೆ ಕೊಟ್ಟರೆ ನೆಲಸಮವಾಗುತ್ತದೆ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಕೀನ್ಯಾದ ಅಧಿಕಾರಿಗೆ ಕನ್ನಡದಲ್ಲಿ ಏಕೆ ಬರೆಯುತ್ತಿದ್ದೇನೆ ಎಂದು ಯಾರಾದರೂ ಕೇಳಬಹುದು. ಇಂಗ್ಲಿಷಿನಲ್ಲಿ ಎರಡು ಸಲ, ಸ್ವಾಹಿಲಿಯಲ್ಲಿ ಒಂದು ಸಲ ಬರೆದು ನೋಡಿದೆ. ಉತ್ತರ ಬರಲಿಲ್ಲ. ಇನ್ನು ನನ್ನ ಭಾಷೆಯಲ್ಲೇ ಬರೆದರೆ ನೀವು ಓದದಿರುವುದಕ್ಕೆ ಒಂದು ಗೌರವಾನ್ವಿತ ಕಾರಣವಾದರೂ ಸಿಗುತ್ತದೆ. ಅಲ್ಲದೆ ಇದನ್ನು ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದೇನೆ. ನೈರೋಬಿಯ ಎಂಬಕಸಿಯಿಂದ ಕಸರಾನಿಯವರೆಗೆ ಇರುವ ಕನ್ನಡಿಗರೆಲ್ಲ ಓದುತ್ತಾರೆ. ಅವರಲ್ಲಿ ಒಬ್ಬರಲ್ಲ ಒಬ್ಬರು ನಿಮ್ಮ ಕಚೇರಿಯ ಏಸಿ ರಿಪೇರಿಗೋ, ನಿಮ್ಮ ಹಲ್ಲಿನ ರಿಪೇರಿಗೋ ಬಂದೇ ಬರುತ್ತಾರೆ. ಆಗ ನಿಮ್ಮ ಬಾಯಿ ತೆರೆದಿರುವ ಹೊತ್ತಿನಲ್ಲಿ ಅನುವಾದಿಸಿ ಹೇಳುತ್ತಾರೆ.

ಮೊದಲು ಕಿಸಿಮಾನಿ ಎಂದರೇನು ಎಂದು ತಿಳಿಸಬೇಕು. ನಿಮ್ಮ ನೋಟೀಸಿನಲ್ಲಿ ಅದಕ್ಕೆ ಊರೆಂಬ ಮರ್ಯಾದೆಯೂ ಇಲ್ಲ, ನಿಲ್ದಾಣದ ಹೆಸರಿನ ಪಕ್ಕ ಒಂದು ಸಂಖ್ಯೆ ಇದೆ, ಅಷ್ಟೇ. ನೈರೋಬಿಯಿಂದ ಮೊಂಬಾಸಾ ರಸ್ತೆಯಲ್ಲಿ ಅರ್ಧ ದಿನ ಹೋಗಿ, ಕೆಂಪುಮಣ್ಣಿನ ಅಡ್ಡದಾರಿಗೆ ಇಳಿದು, ಸೊಂಟ ಗಟ್ಟಿಯಿದ್ದವರು ಇನ್ನೊಂದು ಗಂಟೆ ಕುಲುಕಿಸಿಕೊಂಡರೆ ಸಿಗುವ ಜಾಗ. ಸುತ್ತ ಕಣ್ಣು ಹರಿಯುವಷ್ಟು ದೂರ ಮುಳ್ಳುಪೊದೆ, ಅಲ್ಲೊಂದು ಇಲ್ಲೊಂದು ದಪ್ಪ ಹೊಟ್ಟೆಯ ಬಾವೊಬಾಬ್ ಮರ. ಹಳೆಯ ರೈಲುದಾರಿ ಹಾಕುವಾಗ ಅಲ್ಲಿ ಒಂದು ಬಾವಿ ತೋಡಿದರು. ಹಿಂದಿನ ಮುಂದಿನ ನಿಲ್ದಾಣಗಳಲ್ಲೆಲ್ಲ ಉಪ್ಪುನೀರು. ಇಲ್ಲಿ ಮಾತ್ರ ಸಿಹಿನೀರು. ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತಳಾದವಳು ನಾನು, ಆದ್ದರಿಂದ ಹೇಳುತ್ತೇನೆ: ಉಪ್ಪುನೀರು ಕುಡಿದ ಉಗಿಯಂತ್ರದ ಹೊಟ್ಟೆಯೊಳಗೆ ಕಲ್ಲು ಕಟ್ಟುತ್ತದೆ. ಹಾಗಾಗಿ ಎಂತೆಂಥ ಜಂಬದ ಇಂಜಿನ್ನೂ ಕಿಸಿಮಾನಿಗೆ ಬಂದು ಬಾಯಿ ಒಡ್ಡಿ ನಿಲ್ಲಬೇಕಾಗಿತ್ತು. ಸ್ವಾಹಿಲಿಯಲ್ಲಿ ಬಾವಿಯ ಹತ್ತಿರದ ಜಾಗ ಎಂದೇ ಆ ಊರಿನ ಹೆಸರಿನ ಅರ್ಥ.

ನನ್ನ ಮಾವ ವಾಮನರಾಯರು ಅಲ್ಲಿನ ಸ್ಟೇಷನ್ ಮಾಸ್ಟರ್. ಕುಂದಾಪುರದ ಕಡೆಯವರು. ಹಡಗು ಹತ್ತಿ ಬಂದು, ತಂತಿ ಗುಮಾಸ್ತೆಯಾಗಿ ಸೇರಿ, ಯಾರೂ ಹೋಗಲು ಒಪ್ಪದ ಕಿಸಿಮಾನಿಗೆ ಬಡ್ತಿಯ ಆಸೆಯಿಂದ ಹೋದರು. ಬಡ್ತಿ ಸಿಕ್ಕಿತು, ಅಲ್ಲಿಂದ ವರ್ಗ ಮಾತ್ರ ನಿವೃತ್ತಿಯವರೆಗೂ ಸಿಗಲಿಲ್ಲ. ಅತ್ತೆ ಕಮಲಾಕ್ಷಮ್ಮ ಮದುವೆಯಾಗಿ ಬಂದ ದಿನ ರೈಲಿನಿಂದ ಇಳಿದು ನಾಲ್ಕೂ ದಿಕ್ಕು ನೋಡಿ, "ಊರ್ ಎಲ್ಲಿತ್?" ಎಂದು ಕೇಳಿದರಂತೆ. ಮಾವ ನೀರಿನ ಟ್ಯಾಂಕಿನ ಕಡೆ ಕೈ ತೋರಿಸಿದರಂತೆ. ಆಗ ಇದ್ದದ್ದು ಅದೊಂದೇ.

ನಮ್ಮ ಕರಾವಳಿಯಲ್ಲಿ ಮನೆಗೆ ಬಂದವರನ್ನು ಮೊದಲು ಕೇಳುವ ಮಾತು, ಬಂದ ಕೆಲಸ ಏನು ಎಂದಲ್ಲ. "ಆಸ್ರಿ ಬೇಕಾ?" ಎಂದು. ಬಾಯಾರಿಕೆಗೆ ಏನು ಕೊಡಲಿ ಎಂದು ಅದರ ಅರ್ಥ. ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು, ಆಮೇಲೆ ಮಾತು. ಇಂಜಿನ್ನು ಟ್ಯಾಂಕಿನ ಕೆಳಗೆ ನಿಂತು ಗಟಗಟ ಕುಡಿಯುವಾಗ ಹಿಂದಿನ ಮೂರನೇ ದರ್ಜೆಯ ಡಬ್ಬಿಗಳಲ್ಲಿ ಮಕ್ಕಳು ಬಾಯಾರಿ ಅಳುವುದನ್ನು ಅತ್ತೆ ಒಂದು ವಾರ ನೋಡಿದರಂತೆ. ಎಂಟನೆಯ ದಿನ ಮಾವನಿಗೆ, "ನಿಮ್ ಇಂಜಿನ್ನಿಗ್ ಮಾತ್ರ ಆಸ್ರ್ ಆಪ್ದಾ? ಜನ್ರಿಗೆ ಆತಿಲ್ಯಾ?" ಎಂದರು. ಸಂಜೆಯೊಳಗೆ ಟ್ಯಾಂಕಿನ ಬುಡದಲ್ಲಿ ಹಳಿಯಡಿ ಹಾಕುವ ಹಳೆಯ ಸ್ಲೀಪರು ಮರಗಳ ನಾಲ್ಕು ಕಂಬ ನಿಂತವು. ನಿಮ್ಮ ನೋಟೀಸಿನ ಅನಧಿಕೃತ ಕಟ್ಟಡ ಹುಟ್ಟಿದ್ದು ಹೀಗೆ. ಕಟ್ಟಿದವರು ನಿಮ್ಮದೇ ಇಲಾಖೆಯ ಸ್ಟೇಷನ್ ಮಾಸ್ಟರು, ಬಳಸಿದ್ದು ನಿಮ್ಮದೇ ಇಲಾಖೆಯ ಮರ.

ಮೊದಲು ಬರಿಯ ನೀರು, ಬೆಲ್ಲ. ಆಮೇಲೆ ಹತ್ತಿರದ ದನಗಾಹಿಗಳು ನೀರು ಕುಡಿದ ಋಣಕ್ಕೆ ಹಾಲು ತಂದು ಇಡತೊಡಗಿದರು, ಅತ್ತೆ ಹೆಪ್ಪು ಹಾಕಿದರು, ಮಜ್ಜಿಗೆಯಾಯಿತು. ಊರಿನಿಂದ ತರಿಸಿದ ಕರಿಬೇವಿನ ಬೀಜ ಟ್ಯಾಂಕಿನ ಸೋರಿಕೆಯ ಪಕ್ಕ ಮರವಾಯಿತು. ಶುಂಠಿ, ಹಸಿಮೆಣಸು, ಉಪ್ಪು, ಕರಿಬೇವು. ಮೊಂಬಾಸಾ ರೈಲಿನ ಪ್ರಯಾಣಿಕರು ಕಿಸಿಮಾನಿ ಬಂತೆಂದರೆ ಲೋಟ ಹಿಡಿದು ಕಿಟಕಿಯಲ್ಲಿ ಕೈ ಚಾಚುತ್ತಿದ್ದರು. ರೈಲು ನಿಲ್ಲುವಲ್ಲಿ ಜನ ಇಳಿದರು; ಜನ ಇಳಿದಲ್ಲಿ ಒಂದು ದುಕಾ, ಅಂದರೆ ಅಂಗಡಿ, ಬಂತು, ದುಕಾದ ಪಕ್ಕ ದರ್ಜಿ, ದರ್ಜಿಯ ಪಕ್ಕ ಕ್ಷೌರಿಕ. ಸಿಬ್ಬಂದಿಯ ಕ್ವಾರ್ಟರ್ಸ್ ಎರಡು ಸಾಲಾಯಿತು. ಶಾಲೆ ಬಂತು, ಒಂದು ಪುಟ್ಟ ಮಸೀದಿ, ಒಂದು ಪುಟ್ಟ ಇಗರ್ಜಿ, ಮಾವನ ಮನೆಯ ಜಗಲಿಯಲ್ಲಿ ಶನಿವಾರದ ಭಜನೆ. ಭಜನೆಯ ತಾಳ ಹಾಕುತ್ತಿದ್ದವನು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಕ್ಯಾಲೊ, ಕಂಬಾ ಜನಾಂಗದವನು, ಭಾನುವಾರ ಇಗರ್ಜಿಯಲ್ಲಿ ಡೋಲು ಬಾರಿಸುತ್ತಿದ್ದವನೂ ಅವನೇ. ಗೂಡ್ಸ್ ಡಬ್ಬಿಗೆ ಬಿಳಿ ಪಂಚೆ ಕಟ್ಟಿ ಸಿನಿಮಾ ತೋರಿಸುತ್ತಿದ್ದರು. ಒಮ್ಮೆ ಸಿನಿಮಾದ ನಡುವೆ ಗಾರ್ಡು ಹಸಿರು ದೀಪ ತೋರಿಸಿದ್ದರಿಂದ ಪಂಚೆ, ನಾಯಕಿ, ಖಳನಾಯಕ ಎಲ್ಲ ಸೇರಿ ಮೊಂಬಾಸಾಗೆ ಹೊರಟುಹೋದರಂತೆ.

ಮೈಸೂರಿನಿಂದ ಮದುವೆಯಾಗಿ ನಾನು ಬರುವ ಹೊತ್ತಿಗೆ ಉಗಿಯಂತ್ರಗಳ ಕೊನೆಯ ಕಾಲ. ನನ್ನ ಗಂಡ ದತ್ತಾತ್ರೇಯರಿಗೆ ನೈರೋಬಿಯಲ್ಲಿ ಕೆಲಸವಾಗಿತ್ತು, ರಜೆಗೆಲ್ಲ ಕಿಸಿಮಾನಿಗೆ ಹೋಗುತ್ತಿದ್ದೆವು. ಓದಿದ ಹುಮ್ಮಸ್ಸು ನನಗೆ. ದಿನಕ್ಕೆ ಎಷ್ಟು ಲೋಟ ಹೋಗುತ್ತದೆ ಎಂದು ಅತ್ತೆಯನ್ನು ಕೇಳಿದೆ. ಅವರು ಸೌಟು ಹಿಡಿದ ಕೈ ನಿಲ್ಲಿಸದೆ, "ನೀರ್ ಕೊಟ್ಟದ್ ಲೆಕ್ಕ ಇಡುಕಾಗ ಮಗಾ. ಎಣ್ಸಿ ಕೊಟ್ರೆ ಅದ್ ಯಾಪಾರ ಆತ್ತ್" ಎಂದರು. ಕುಂದಾಪುರದ ಮಾತು ಮೈಸೂರಿನವಳಿಗೆ ಅರ್ಧವೇ ಅರ್ಥವಾದರೂ ವಿಷಯ ಪೂರ್ತಿ ಅರ್ಥವಾಯಿತು. ಅರವಟ್ಟಿಗೆಯಲ್ಲಿ ಎಷ್ಟು ಜನ ಕುಡಿದರೆಂಬುದಕ್ಕೆ ದಾಖಲೆ ಒದಗಿಸಿ ಎಂದು ನೀವು ಕೇಳಿದ್ದೀರಲ್ಲ, ಮಾನ್ಯರೇ, ಅದು ನಮ್ಮಲ್ಲಿ ಇಲ್ಲದಿರುವುದಕ್ಕೆ ಕಾರಣ ನಿರ್ಲಕ್ಷ್ಯವಲ್ಲ, ಅತ್ತೆಯ ಅಪ್ಪಣೆ. ನಿಮ್ಮ ಅಪ್ಪಣೆ ಮೀರಬಹುದು, ಅವರದನ್ನು ಮೀರಿ ಬದುಕಿದವರಿಲ್ಲ.

ಆಮೇಲೆ ಡೀಸೆಲ್ ಬಂತು. ಡೀಸೆಲ್ ಇಂಜಿನ್ನಿಗೆ ಕಿಸಿಮಾನಿಯ ನೀರು ಬೇಡ. ನಿಮ್ಮ ಕುರ್ಚಿಯಲ್ಲಿ ಆಗ ಕೂತಿದ್ದ ಅಧಿಕಾರಿಯಿಂದ ಮಾವನಿಗೆ ತಂತಿ ಬಂತು: ಇಂಜಿನ್ನುಗಳಿಗೆ ನೀರಿನ ಅಗತ್ಯವಿಲ್ಲ, ನಿಲುಗಡೆ ರದ್ದು. ಮಾವ ಇಲಾಖೆಯ ಶಿಸ್ತಿನ ಮನುಷ್ಯ, ತಕ್ಷಣ ಮರುತಂತಿ ಕಳಿಸಿದರು: ಇಂಜಿನ್ನುಗಳಿಗಿಲ್ಲ, ಚಾಲಕರಿಗಿದೆ. ಮನೆಯವರೆಲ್ಲ ಕೆಲಸ ಹೋಯಿತೆಂದೇ ಭಾವಿಸಿದರು. ಮೂರು ದಿನದ ಮೇಲೆ ಉತ್ತರ ಬಂತು: ನಿಲುಗಡೆ ಮುಂದುವರಿಯಲಿ, ಚಾಲಕರಿಗೆ ನೀರು ತುಂಬಿಸಲು. ಆ ಅಧಿಕಾರಿ ಯಾರೋ, ಯಾವ ಜನಾಂಗದವರೋ ನನಗೆ ಗೊತ್ತಿಲ್ಲ. ಎಲ್ಲಿದ್ದರೂ ಅವರ ಹೊಟ್ಟೆ ತಣ್ಣಗಿರಲಿ. ಅವರಿಗೂ ನಿಮ್ಮಂತೆಯೇ ನಿಯಮಪುಸ್ತಕ ಇತ್ತು, ಆದರೆ ಅದರ ಜತೆಗೆ ನಾಲಿಗೆಯೂ ಒಣಗುತ್ತಿತ್ತು ಎಂದು ಕಾಣುತ್ತದೆ.

ಆದರೂ ಊರು ಇಳಿಮುಖವಾಯಿತು, ಅದನ್ನು ಒಪ್ಪಿಕೊಳ್ಳುತ್ತೇನೆ. ಕುಲುಮೆಯವರು, ಕಲ್ಲಿದ್ದಲು ಹೊರುವವರು, ಬಾಯ್ಲರಿನವರು ಒಬ್ಬೊಬ್ಬರಾಗಿ ಹೋದರು. ದರ್ಜಿ ಹೆದ್ದಾರಿಯ ಪೇಟೆಗೆ ಹೋದ, ಅವನ ಹಿಂದೆ ಕ್ಷೌರಿಕ ಹೋದ. ಮಾವ ನಿವೃತ್ತರಾಗಿ ಅತ್ತೆಯೊಂದಿಗೆ ನೈರೋಬಿಯ ಸೌತ್ ಸಿ ಬಡಾವಣೆಯ ನಮ್ಮ ಮನೆಗೆ ಬಂದರು. ಹೊರಡುವ ದಿನ ಅತ್ತೆ ಸೌಟನ್ನು ಪಾಯಿಂಟ್ಸ್‌ಮನ್ ಕ್ಯಾಲೊನ ಮಗಳು ಮುಂಬುವಾಳ ಕೈಗೆ ಕೊಟ್ಟರು. ಏನೂ ಭಾಷಣ ಮಾಡಲಿಲ್ಲ, ಶುಂಠಿ ಜಾಸ್ತಿ ಹಾಕಬೇಡ ಎಂದರು ಅಷ್ಟೇ. ಮುಂಬುವಾ ಇವತ್ತಿಗೂ ಜಾಸ್ತಿಯೇ ಹಾಕುತ್ತಾಳೆ. ಕೊನೆಗೆ ಹೊಸ ರೈಲುದಾರಿ ಬಂತು. ಎತ್ತರದ ದಿಬ್ಬದ ಮೇಲೆ, ಊರಿನಿಂದ ದೂರದಲ್ಲಿ. ಹೊಸ ರೈಲು ಚೆಂದವಾಗಿದೆ, ನಾನೂ ಓಡಾಡಿದ್ದೇನೆ, ಒಳಗೆ ತಂಪಿದೆ, ಬಾಟಲಿ ನೀರು ಮಾರುತ್ತಾರೆ. ಅದು ಕಿಸಿಮಾನಿಯನ್ನು ದಾಟುವುದಕ್ಕೆ ಒಂದು ಸೀನು ಸೀನುವಷ್ಟು ಹೊತ್ತು ಸಾಕು. ಈಚೆಗೆ ಹಳೆಯ ದಾರಿಯ ಹಳಿಗಳ ನಡುವೆ ಹುಲ್ಲು ಬೆಳೆದಿದೆ, ನಿಲ್ದಾಣದ ಗಡಿಯಾರದಲ್ಲಿ ಜೇನು ಕಟ್ಟಿದೆ.

ಹಾಗಾದರೆ ಅಲ್ಲಿ ಈಗ ಯಾರಿದ್ದಾರೆ ಎಂದು ತಾವು ಕೇಳುವಿರಿ. ಮುಂಬುವಾ ಇದ್ದಾಳೆ, ಅರುವತ್ತು ದಾಟಿದವಳು, ಮೊಣಕಾಲು ನೋವಿನವಳು. ಹಳೆಯ ಕ್ವಾರ್ಟರ್ಸಿನಲ್ಲಿ ಉಳಿದುಕೊಂಡ ಕೆಲವು ಸಂಸಾರಗಳಿವೆ. ಶಾಲೆ ಇದೆ, ಮೇಷ್ಟರು ಅರ್ಧ ಇದ್ದಾರೆ, ಎಂದರೆ ವಾರದಲ್ಲಿ ಅರ್ಧ. ಮರಳು ಲಾರಿಯವರು, ಇದ್ದಿಲ ಮೂಟೆ ಹೊತ್ತ ಸೈಕಲ್ಲಿನವರು, ದನಗಾಹಿಗಳು, ಸಂತೆಗೆ ನಡೆದು ಹೋಗುವ ಹೆಂಗಸರು ದಿನವೂ ಬಂದು ಆ ಚಪ್ಪರದ ಕೆಳಗೆ ನಿಲ್ಲುತ್ತಾರೆ. ಕನ್ನಡದ ಗಾಳಿಯೂ ಸೋಕದ ಅವರನ್ನು ಮುಂಬುವಾ ಅಚ್ಚ ಕುಂದಾಪುರದ ಶೈಲಿಯಲ್ಲಿ, "ಆಸ್ರಿ ಬೇಕಾ?" ಎಂದು ಕೇಳುತ್ತಾಳೆ. ಅವರು "ಅಸಾಂಟೆ ಮಾಮಾ", ಅಂದರೆ ಉಪಕಾರವಾಯಿತು ತಾಯಿ, ಎಂದು ಕೈ ಚಾಚುತ್ತಾರೆ. ಯಾರೂ ದುಡ್ಡು ಕೊಡುವುದಿಲ್ಲ. ಒಬ್ಬ ಹಾಲು ಇಟ್ಟು ಹೋಗುತ್ತಾನೆ, ಇನ್ನೊಬ್ಬ ಶುಂಠಿ, ಮತ್ತೊಬ್ಬ ಮುರಿದ ತಗಡು ಬಡಿದು ಕೊಡುತ್ತಾನೆ. ಟ್ಯಾಂಕು ತುಂಬಿ ಸೋರಿದ ನೀರಿಗೆ ಸಂಜೆ ಆನೆಗಳು ಬರುತ್ತವೆ. ಆ ವಾಲ್ವು ಮುಚ್ಚಿದರೆ ಸುತ್ತ ಎಲ್ಲೂ ಕುಡಿಯುವ ನೀರಿಲ್ಲ. ಆ ಸಂಸಾರಗಳು ಹೋಗುತ್ತವೆ, ಶಾಲೆ ಮುಚ್ಚುತ್ತದೆ, ಮುಂಬುವಾ ಹುಟ್ಟಿದ ಊರು ಬಿಟ್ಟು ಹೆದ್ದಾರಿಯ ಪೇಟೆಯಲ್ಲಿ ಯಾರದೋ ಬಾಡಿಗೆ ಕೋಣೆ ಸೇರಬೇಕು. ಸಮಾಚಾರ ಇಷ್ಟು ಸರಳ.

ಈಗ ನಿಮ್ಮ ತನಿಖೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಮ್ಮವರ ಪಾಲೂ ಇದೆ, ನ್ಯಾಯವಾಗಿ ಹೇಳಬೇಕು. ಮೊದಲ ನೋಟೀಸು ಬಂದಾಗ ನಾನು ಸಂಘದ ಅಧ್ಯಕ್ಷ ಧನಂಜಯನಿಗೆ ಹೇಳಿದೆ. ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರಾಗಿರುವ, ಬೆಂಗಳೂರಿನಿಂದ ಬಂದ ಉತ್ಸಾಹಿ ಹುಡುಗ.

"ಮೇಡಂ, ಟೆನ್ಷನ್ ತಗೋಬೇಡಿ. ಇನ್‌ಸ್ಪೆಕ್ಷನ್‌ಗೆ ಬರ್ತಾರಲ್ಲ, ಅವತ್ತೇ ನಾವೂ ಹೋಗೋಣ. ಒಂದ್ಸಲ ನಮ್ಮ ಊಟ ಹಾಕ್ಬಿಟ್ರೆ ಫೈಲ್ ತಾನಾಗೇ ಮೂವ್ ಆಗತ್ತೆ" ಎಂದ.

ಭಾನುವಾರ ಎರಡು ಮಟಾಟು ವ್ಯಾನು ಬಾಡಿಗೆ ಹಿಡಿದು ಸಂಘ ಕಿಸಿಮಾನಿಗೆ ದಂಡಯಾತ್ರೆ ಹೊರಟಿತು. ಪಾತ್ರೆಗಳೇ ಒಂದು ಮಟಾಟು. ಬಿಸಿಬೇಳೆಬಾತ್, ಕೋಸಂಬರಿ, ಪಲ್ಯ, ಒಬ್ಬಟ್ಟು, ಹಪ್ಪಳ, ಮೊಸರನ್ನ. ಶಾಮಿಯಾನ ಕಟ್ಟಿದರು, ಮೈಕು ಇಟ್ಟರು, ನಾಡಗೀತೆ ಹಾಡಿದರು. ನಿಮ್ಮ ತನಿಖಾಧಿಕಾರಿ ಕಾರಿನಿಂದ ಇಳಿದದ್ದೇ ತಡ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಎಲೆಯ ಮುಂದೆ ಕೂರಿಸಿಬಿಟ್ಟರು. ಪಾಪ, ಅವರು ಸಭ್ಯ ಮನುಷ್ಯ. ಕಾಗದ ಸಿಕ್ಕಿಸಿದ ಹಲಗೆ ಹಿಡಿದುಕೊಂಡು, ಮೊದಲು ಸ್ಥಳ ನೋಡುತ್ತೇನೆ ಎಂದರು. "ಸ್ಥಳ ಎಲ್ಲೂ ಓಡಿಹೋಗಲ್ಲ ಸರ್, ಫಸ್ಟ್ ಫುಡ್" ಎಂದ ಧನಂಜಯ.

ಇಲ್ಲಿ ಆದ ಎಡವಟ್ಟನ್ನು ನೀವು ಗಮನಿಸಬೇಕು. ಎಲೆ ಖಾಲಿಯಾದ ಮೇಲೂ ಬಡಿಸದೆ ಸುಮ್ಮನಿದ್ದರೆ ಅದು ನಮ್ಮಲ್ಲಿ ಅತಿಥಿಗೆ ಅವಮಾನ. ಬಡಿಸಿದ್ದನ್ನು ಮುಗಿಸದೆ ಬಿಟ್ಟರೆ ಅದು ಅವರ ಮನೆತನದಲ್ಲಿ ಅನ್ನ ಹಾಕಿದವರಿಗೆ ಅವಮಾನ. ಹೀಗಾಗಿ ಅವರು ಮುಗಿಸಿದಷ್ಟೂ ಇವರು ಬಡಿಸಿದರು, ಇವರು ಬಡಿಸಿದಷ್ಟೂ ಅವರು ಮುಗಿಸಿದರು. ಎರಡೂ ಕಡೆಯವರಿಗೆ ನಿಲ್ಲಿಸುವ ದಾರಿ ಗೊತ್ತಿರಲಿಲ್ಲ. ಒಬ್ಬಟ್ಟಿಗೆ ತುಪ್ಪ ಸುರಿಯುವಾಗ ಆ ಮನುಷ್ಯನ ಕಣ್ಣಲ್ಲಿ ನೀರು ಕಂಡೆ. ಭಕ್ತಿಯೋ ಭಯವೋ ತಿಳಿಯಲಿಲ್ಲ. ಕೊನೆಗೆ ಮುಂಬುವಾ ಬಂದು ತನ್ನ ಮಜ್ಜಿಗೆ ಕೊಟ್ಟು ಅವರನ್ನು ಪಾರುಮಾಡಿದಳು. ಕುಡಿದು, ಬಾವೊಬಾಬ್ ಮರದ ಕೆಳಗೆ ಪೇಟದೊಂದಿಗೆ ಒರಗಿದರು. ಹಾಗೇ ನಿದ್ದೆ ಹೋದರು. ನಮ್ಮ ಹೆಂಗಸರು ಅವರಿಗೆ ಎಚ್ಚರವಾಗಬಾರದೆಂದು ಮೈಕನ್ನೂ ಆರಿಸಿದರು.

ಇತ್ತ ದಿನವೂ ಬರುವ ಜನ ದೂರದಿಂದ ಶಾಮಿಯಾನ ನೋಡಿ, ಯಾರದೋ ಮದುವೆ ನಡೆಯುತ್ತಿದೆ, ಕರೆಯದೆ ಹೋಗಬಾರದು ಎಂದು ಸುತ್ತುಹಾದಿ ಹಿಡಿದು ಹೋದರು. ಲಾರಿಯವರೂ ಹಾರ್ನು ಮಾಡದೆ ಮರ್ಯಾದೆಯಿಂದ ದಾಟಿದರು. ಅಂದು ಅರವಟ್ಟಿಗೆಗೆ ಬಂದವರು ಆನೆಗಳು ಮಾತ್ರ. ಸಂಜೆ ಅವು ಬಂದ ಸದ್ದಿಗೇ ನಿಮ್ಮ ಅಧಿಕಾರಿಗೆ ಎಚ್ಚರವಾಯಿತು. ಆಗ ಅವರು ತನಿಖೆಯ ಉಳಿದ ಭಾಗವನ್ನು ಕಾರಿನ ಒಳಗಿನಿಂದಲೇ ಪೂರೈಸಿ ಹೊರಟರು. ವರದಿ ಹೀಗೆ ಬಂತು: ಸ್ಥಳ ಪ್ರಶಾಂತವಾಗಿದೆ. ಸಾರ್ವಜನಿಕ ಬಳಕೆ ಕಂಡುಬಂದಿಲ್ಲ. ಅಪಾಯಕಾರಿ ವನ್ಯಜೀವಿಗಳ ಸಂಚಾರವಿದೆ. ಮುಂದಿನ ಪುಟದಲ್ಲಿ ಚಪ್ಪರದ ವಿವರ, ಕಂಬ ಇಷ್ಟು, ತಗಡು ಇಷ್ಟು, ಮಾಡಿನ ಜಂತೆ ಇಷ್ಟು. ಮಾನ್ಯರೇ, ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮಲ್ಲಿ ಒಂದು ಗಾದೆಯಿದೆ. ಎಪ್ಪತ್ತು ವರ್ಷ ಈ ಗಾದೆಯನ್ನು ಕೇಳಿಕೊಂಡು ಬಂದಿದ್ದೇನೆ, ನಿಜವಾಗಿಯೂ ಎಣಿಸಿ, ಸಹಿ ಮಾಡಿ, ಮೊಹರು ಹಾಕಿ ಕಳಿಸಿದವರನ್ನು ಈಗಲೇ ಕಂಡದ್ದು. ಎಣಿಕೆ ಸರಿಯಾಗಿದೆ ಎಂದು ಮಾತ್ರ ದೃಢೀಕರಿಸುತ್ತೇನೆ.

ಈ ವರದಿಯ ಮೇಲೆ ಸಂಘದ ಹೆಸರಿನಲ್ಲಿ ಬೇರೆ ಮನವಿ ಸಲ್ಲಿಸಿದೆವು. ಆಗ ನಿಮ್ಮ ಕಚೇರಿಯಿಂದ ಒಂದು ಉಪಕಾರದ ಸಲಹೆ ಬಂತು: ಅದನ್ನು ಪಾನೀಯ ಮಾರಾಟದ ಮಳಿಗೆ ಎಂದು ನೋಂದಾಯಿಸಿ, ಚಪ್ಪರವೂ ಉಳಿಯುತ್ತದೆ, ನೀರಿನ ಸಂಪರ್ಕವೂ ಉಳಿಯುತ್ತದೆ. ಕಾನೂನು ಓದುತ್ತಿರುವ ನನ್ನ ಮೊಮ್ಮಗಳು ಅಮೂಲ್ಯಾ ಕಂಪ್ಯೂಟರಿನ ಮುಂದೆ ಕುಳಿತಳು. ನಾನು ಕನ್ನಡದಲ್ಲಿ ಹೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ನಮ್ಮ ಸಂಸಾರ ಹಾಗೆಯೇ ನಡೆಯುತ್ತಿದೆ. ಹೆಸರು, ಊರು, ಪಾನೀಯದ ಬಗೆ ಎಲ್ಲ ಸರಿಹೋಯಿತು. ಒಂದು ಲೋಟದ ಬೆಲೆ ಎಂಬಲ್ಲಿಗೆ ಬಂದು ನಿಂತಿತು.

"ಸೊನ್ನೆ ಹಾಕಮ್ಮ" ಎಂದೆ.

"ಅಜ್ಜಿ, ಇಟ್ಸ್ ನಾಟ್ ಟೇಕಿಂಗ್ ಝೀರೋ."

"ಇನ್ನೊಂದ್ಸಲ ಹಾಕು. ಮೆಲ್ಲಗೆ ಒತ್ತು."

"ಅಜ್ಜಿ, ಇಟ್ ಡಸಂಟ್ ಮ್ಯಾಟರ್ ಹೌ ಮೆಲ್ಲಗೆ ಐ ಒತ್ತು!"

ಸೊನ್ನೆಯನ್ನು ಜಗತ್ತಿಗೆ ಕೊಟ್ಟವರೇ ನಾವು ಎಂದು ನಮ್ಮ ಸಂಘದಲ್ಲಿ ಪ್ರತಿ ರಾಜ್ಯೋತ್ಸವಕ್ಕೂ ಯಾರಾದರೊಬ್ಬರು ಭಾಷಣ ಮಾಡುತ್ತಾರೆ. ಜಗತ್ತೆಲ್ಲ ತೆಗೆದುಕೊಂಡ ಸೊನ್ನೆಯನ್ನು ನಿಮ್ಮ ಕಂಪ್ಯೂಟರು ಒಲ್ಲೆ ಎಂದಿತು. ಒಂದು ಶಿಲಿಂಗಾದರೂ ಬೇಕಂತೆ. ಸರಿ, ಒಂದೇ ಶಿಲಿಂಗ್ ತಾನೇ, ದರದ ಹಲಗೆಯ ಮೇಲೆ ಬರೆಯೋಣ, ತೆಗೆದುಕೊಳ್ಳುವುದು ಬೇಡ, ಊರು ಉಳಿದರೆ ಸಾಕು ಎಂದು ನಾನೂ ಅಮೂಲ್ಯಾಳೂ ಲೆಕ್ಕ ಹಾಕಿ, ಮುಂಬುವಾಳನ್ನು ಒಪ್ಪಿಸಲು ಕಿಸಿಮಾನಿಗೆ ಹೋದೆವು. ಜಾಣತನದ ಉಪಾಯ ಎಂದೇ ದಾರಿಯುದ್ದಕ್ಕೂ ಬೀಗಿಕೊಂಡೆವು.

ಮುಂಬುವಾ ಕರಿಬೇವು ಬಿಡಿಸುತ್ತಾ ಪೂರ್ತಿ ಕೇಳಿದಳು. ನನ್ನ ಹಿರಿಮಗನ ಹೆಸರು ಹಿಡಿದು ಅವಳು ನನ್ನನ್ನು ಮಾಮಾ ಅನಂತ್, ಅಂದರೆ ಅನಂತನ ಅಮ್ಮ, ಎಂದು ಕರೆಯುವುದು. "ಮಾಮಾ ಅನಂತ್, ಹಲಗೆ ಮೇಲೆ ಒಂದು ಶಿಲಿಂಗ್ ಅಂತ ಬರೆದರೆ, ಶಿಲಿಂಗ್ ಇಲ್ಲದವನು ಅಲ್ಲಿಂದಲೇ ಓದಿಕೊಂಡು ಹಿಂದೆ ಹೋಗ್ತಾನೆ. ನಾವು ತಗೊಳ್ಳೋದಿಲ್ಲ, ಬಾ ಅಂತ ಅವನ ಹಿಂದೆ ಓಡೋದು ಯಾರು? ನೀವು ಓಡ್ತೀರಾ? ನನಗಂತೂ ಮೊಣಕಾಲು ನೋವು" ಎಂದಳು ಸ್ವಾಹಿಲಿಯಲ್ಲಿ. ಆಮೇಲೆ ನನ್ನ ಮುಖ ನೋಡಿ ನಕ್ಕು, ಅತ್ತೆಯ ಧಾಟಿಯಲ್ಲೇ, "ಆಸ್ರಿ ಬೇಕಾ?" ಎಂದಳು. ನನಗೆ ನಾಚಿಕೆಯೂ ಆಯಿತು, ಹೇಳಲಾರದಷ್ಟು ಖುಷಿಯೂ ಆಯಿತು. ಅತ್ತೆ ಸತ್ತು ಎಷ್ಟೋ ವರ್ಷವಾಗಿದೆ. ಆ ಚಪ್ಪರದ ಕೆಳಗೆ ಅವರಿಲ್ಲ ಎಂದು ಅವತ್ತು ನನಗೆ ಅನ್ನಿಸಲಿಲ್ಲ. ಅಮೂಲ್ಯಾ ತನ್ನ ಜೀವನದಲ್ಲಿ ಮೊದಲ ಬಾರಿಗೆ ಎರಡು ಲೋಟ ಮಜ್ಜಿಗೆ ಕುಡಿದಳು. ಬರುವಾಗ ದಾರಿಯಲ್ಲಿ, "ಅಜ್ಜಿ, ಶೀ ಈಸ್ ರೈಟ್, ಯು ನೋ" ಎಂದಳು. ನನಗೆ ಗೊತ್ತಿತ್ತು.

ಈಗ ನಾನು ಕೇಳುತ್ತೇನೆ, ಮಾನ್ಯರೇ. ಆನೆಗಳಿಗೆ ಲೋಟಕ್ಕೆ ಎಷ್ಟು ಹಾಕಬೇಕು? ಮೊಲೆ ಕುಡಿಯುವ ಕೂಸಿನ ತಾಯಿಗೆ ರಿಯಾಯಿತಿ ಇದೆಯೇ? ಅರ್ಧ ಮೇಷ್ಟರಿಗೆ ಅರ್ಧ ದರವೇ? ಒಂದು ಕಾಲದಲ್ಲಿ ನಿಮ್ಮ ರೈಲು ಕೆಂಡ ಉಗುಳುತ್ತಾ ಬಂದು ಆ ಟ್ಯಾಂಕಿನ ಕೆಳಗೆ ನಿಂತಾಗ, ಆ ಬಾವಿ ನಿಮ್ಮ ಇಂಜಿನ್ನಿನ ಬಳಿ ಶಿಲಿಂಗ್ ಕೇಳಿತ್ತೇ? ರೈಲು ದೊಡ್ಡದಾಯಿತು, ವೇಗವಾಯಿತು, ಬೇರೆ ದಾರಿ ಹಿಡಿಯಿತು, ಸಂತೋಷ. ಯಾವ ಊರಿಗೂ ರೈಲು ಶಾಶ್ವತವಲ್ಲ ಎಂದು ನಾವು ಒಪ್ಪುತ್ತೇವೆ. ಮೇಲೆ ಏರಿದವನಿಗೆ ಏಣಿಯ ನೆನಪು ಇರಲೇಬೇಕೆಂದು ಹಟವಿಲ್ಲ; ಆದರೆ ಏಣಿಯನ್ನು ಸೌದೆ ಮಾಡಬೇಕೇ?

ನಮ್ಮ ಬೇಡಿಕೆ ಚಿಕ್ಕದು. ಹೊಸ ರೈಲನ್ನು ಕಿಸಿಮಾನಿಯಲ್ಲಿ ನಿಲ್ಲಿಸಿ ಎನ್ನುವುದಿಲ್ಲ. ದರ್ಜಿಯನ್ನು ಹಿಂದಕ್ಕೆ ಕರೆತನ್ನಿ ಎನ್ನುವುದಿಲ್ಲ. ಗಡಿಯಾರದ ಜೇನನ್ನು ಎಬ್ಬಿಸಬೇಡಿ, ಅದು ಒಳ್ಳೆಯ ಜೇನು. ಆ ವಾಲ್ವನ್ನು ಹಾಗೆಯೇ ಬಿಡಿ, ಮತ್ತು ನಿಮ್ಮ ಕಂಪ್ಯೂಟರಿಗೆ ಸೊನ್ನೆ ಒಪ್ಪಿಕೊಳ್ಳುವುದನ್ನು ಕಲಿಸಿ. ಬೇಕಿದ್ದರೆ ಅಮೂಲ್ಯಾ ಬಂದು ಕಲಿಸಿಕೊಡುತ್ತಾಳೆ. ಮತ್ತೊಮ್ಮೆ ತನಿಖೆಗೆ ಬರುವುದಾದರೆ ಸ್ವತಃ ನೀವೇ ಬನ್ನಿ, ಯಾವುದಾದರೂ ವಾರದ ದಿನ. ಅಂದು ಸಂಘದವರು ಯಾರೂ ಹತ್ತಿರ ಸುಳಿಯಕೂಡದೆಂದು, ಮುಖ್ಯವಾಗಿ ಒಬ್ಬಟ್ಟು ಮಾಡಕೂಡದೆಂದು, ಕಾರ್ಯಕಾರಿ ಸಮಿತಿಯಲ್ಲಿ ಸರ್ವಾನುಮತದ ಠರಾವು ಆಗಿದೆ.

ಮುಗಿಸುವ ಮುನ್ನ ಒಂದು ಸುದ್ದಿ. ಹೋದ ವಾರ, ಗಡುವಿಗೂ ಮೊದಲೇ, ನಿಮ್ಮ ಕಡೆಯ ಇಬ್ಬರು ವಾಲ್ವು ಮುಚ್ಚಲು ದೊಡ್ಡ ಸ್ಪ್ಯಾನರು ಹೊತ್ತು ಕಿಸಿಮಾನಿಗೆ ಬಂದಿದ್ದರು. ಅಡ್ಡದಾರಿಯಲ್ಲಿ ಜೀಪು ಕೆಟ್ಟು, ಅಲ್ಲಿಂದ ನಡೆದೇ ಬಂದರಂತೆ. ಮುಂಬುವಾ ಎಂದಿನಂತೆ ಕೇಳಿದಳು, ಅವರು ಕುಡಿದರು. ಕುಡಿದಾದ ಮೇಲೆ ಟ್ಯಾಂಕಿನ ಸುತ್ತ ಒಂದು ಸುತ್ತು ಹೋಗಿ, ವಾಲ್ವು ಎಲ್ಲಿದೆಯೋ ಕಾಣುತ್ತಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ಅವಳಿಗೆ ಕೈ ಬೀಸಿ ಹಿಂದಿರುಗಿದರು. ವಾಲ್ವು ಪತ್ತೆಯಾಗಿಲ್ಲ ಎಂಬ ವರದಿ ಇಷ್ಟರಲ್ಲಿ ನಿಮಗೆ ತಲುಪಿರಬೇಕು. ಆ ವಾಲ್ವು ನನ್ನ ಎದೆಯೆತ್ತರ ಇದೆ, ಕೆಂಪು ಬಣ್ಣದ್ದು. ನೀವು ಇನ್ನೂ ಯಾರನ್ನಾದರೂ ಕಳಿಸಬಹುದು, ಅಧಿಕಾರ ನಿಮ್ಮದು. ಆದರೆ ಯಾರನ್ನು ಕಳಿಸಿದರೂ ಅವರು ಆ ಬಿಸಿಲಿನಲ್ಲೇ ಬರಬೇಕು.

ಇಂತಿ,
ಲೋಟ ತೊಳೆದಿಟ್ಟು ತಮ್ಮ ದಾರಿ ಕಾಯುತ್ತಿರುವ, ಲೆಕ್ಕ ಇಡಲು ಬಾರದ ಮನೆತನದ ಸೊಸೆ,
ರುಕ್ಮಿಣಿ ದತ್ತಾತ್ರೇಯ
ಸೌತ್ ಸಿ, ನೈರೋಬಿ